ತಿರುಗಿ ಹೇಳಿದ ಮಾತು

ಅಣ್ಣ ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ನಾಲ್ಕು ಮಾತಾಡಿ ಎಂದು ನನ್ನನ್ನು ಮೂರು ಸಲ ಕರೆದರು, ನಾನು ಏಳಲಿಲ್ಲ. ಮೈಕ್ ಕಂಡರೆ ಕರೆಯದಿದ್ದರೂ ಎದ್ದು ಹೋಗುವವಳು ನಾನು. ಪಕ್ಕದಲ್ಲಿದ್ದವರು, "ಏನ್ ಮೇಡಂ, ನಿಮ್ಮ ಬಾಯಿಗೂ ಇವತ್ತೇ ರಿಟೈರ್ಮೆಂಟಾ?" ಎಂದು ಕಿಚಾಯಿಸಿದರು. ನಗು ಬರಲಿಲ್ಲ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅಣ್ಣ ಎಂದರೆ ಸಾಕು, ಚೆನ್ನೈ ಪಕ್ಕದ ಮಣಲಿಯ ನಮ್ಮ ಕಾರ್ಖಾನೆಯಲ್ಲಿ ಕ್ಯಾಂಟೀನಿನವರಿಗೂ ಗೊತ್ತು.

ನಾನು ಹಾಸನದ ಕಡೆಯವಳು. ಕೆಲಸ ಸಿಕ್ಕಿತೆಂದು ಚೆನ್ನೈಗೆ ಬಂದು ಹನ್ನೊಂದು ವರ್ಷವಾಯಿತು. ಕಂಟ್ರೋಲ್ ರೂಮಿನಲ್ಲಿ ಪರದೆಗಳ ಮುಂದೆ ಕೂತು ಪಂಪು, ವಾಲ್ವುಗಳನ್ನು ನಡೆಸುವುದು ನನ್ನ ಕೆಲಸ. ಅದಕ್ಕೆ ಪ್ಯಾನೆಲ್ ಎನ್ನುತ್ತಾರೆ. ಅಣ್ಣ ಫೀಲ್ಡಿನವರು, ಎಂದರೆ ಹೊರಗೆ ಆ ಪಂಪುಗಳ ನಡುವೆಯೇ ವಾಕಿಟಾಕಿ ಹಿಡಿದು ಓಡಾಡುವವರು. ನನಗೆ ಕಾಣದ್ದನ್ನು ಅವರು ಕಂಡು ಹೇಳಬೇಕು, ಅವರು ಹೇಳಿದ್ದನ್ನು ನಂಬಿ ನಾನು ಬಟನ್ ಒತ್ತಬೇಕು. ನಮ್ಮಿಬ್ಬರ ನಡುವೆ ಇದ್ದದ್ದು ಆ ವಾಕಿಟಾಕಿಯ ಮಾತೊಂದೇ.

ಅವರದು ಮೂರು ತಲೆಮಾರಿನಿಂದ ತಂಡೈಯಾರ್‌ಪೇಟೆಯಲ್ಲಿ ನೆಲೆಸಿದ ಕನ್ನಡದ ಮನೆ. ಮೊದಲ ದಿನ ತಮಿಳು ಬೆರೆತ ಅವರ ಕನ್ನಡ ಕೇಳಿ ನಾನು ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ. "ಏನ್ ಅಮ್ಮಣಿ, ಊಟ ಆಚ್ಚಾ? ಸೀಕ್ರಂ ಬಾ, ಲೈನ್ ನೋಡಕ್ಕೆ ಪೋಗಣ." ನಕ್ಕಿದ್ದನ್ನು ಅವರು ನೋಡಿದರು. "ನಗು, ನಗು. ನಿಮ್ಮ ಹಾಸನದ ಕನ್ನಡದಲ್ಲಿ ವಾಲ್ವ್ ತೆರೆಯುತ್ತಾ ನೋಡಣ" ಎಂದು ಬಿಸಿಲಿನಲ್ಲಿ ಎರಡು ಗಂಟೆ ಪೈಪುಗಳ ಹಿಂದೆ ನಡೆಸಿದರು. ಇಂಜಿನಿಯರ್ ಎಂಬ ನನ್ನ ಕೊಬ್ಬು ಆ ಎರಡು ಗಂಟೆಯಲ್ಲಿ ಅರ್ಧ ಇಳಿದಿತ್ತು.

ಉಳಿದರ್ಧ ಇಳಿದದ್ದು ಮೂರನೆಯ ವಾರ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ವಾಕಿಟಾಕಿಯಲ್ಲಿ ಯಾರಾದರೂ "ಬಿ ಪಂಪ್ ನಿಲ್ಲಿಸು" ಎಂದರೆ, ಕೇಳಿಸಿಕೊಂಡವರು "ಬಿ ಪಂಪ್ ನಿಲ್ಲಿಸ್ತೀನಿ" ಎಂದು ಅದೇ ಮಾತನ್ನು ತಿರುಗಿ ಹೇಳಬೇಕು. ತಿರುಗಿ ಹೇಳಿದ್ದು ಸರಿಯಿದ್ದರೆ ಮಾತ್ರ ಕೈ ಹಾಕಬೇಕು. ಹೊಸಬಳಾಗಿ ಫೀಲ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ನಾನು ಒಮ್ಮೆ ಅವಸರದಲ್ಲಿ ತಿರುಗಿ ಹೇಳದೆ ವಾಲ್ವಿನ ಚಕ್ರ ತಿರುಗಿಸಿದೆ. ಅಣ್ಣ ಓಡಿ ಬಂದು ಚಕ್ರದ ಮೇಲೆ ತಮ್ಮ ಕೈ ಇಟ್ಟರು. "ಹೇಳದೆ ಮುಟ್ಟಿದ್ಯಾ? ಇನ್ನೊಂದ್ ಸಲ ಮುಟ್ಟಿದ್ರೆ ನಿನ್ನ ಕೈಗೆ ಬೀಗ ಹಾಕಿ ಸಾವಿ ನಾನೇ ಇಟ್ಕೋತೀನಿ" ಎಂದರು. ಸಾವಿ ಎಂದರೆ ಬೀಗದ ಕೈ. ಎಂಟು ಜನ ಕಂತ್ರಾಟು ಕೆಲಸಗಾರರ ಎದುರು ಆ ಆದೇಶವನ್ನು ನನ್ನಿಂದ ಹತ್ತು ಸಲ ತಿರುಗಿ ಹೇಳಿಸಿದರು. ಅವಮಾನದಿಂದ ಕಿವಿ ಕಾದುಹೋಗಿತ್ತು. ಮನೆಗೆ ಹೋಗಿ ಅತ್ತುಬಿಟ್ಟೆ ಕೂಡ.

ಅವರ ಹೆಂಡತಿ ಹೇಳುವಂತೆ ಮನೆಯಲ್ಲೂ ಇದೇ ಪಾಡು. ಮಾರ್ಕೆಟ್ಟಿಗೆ ಹೊರಟವರು ಬಾಗಿಲಲ್ಲಿ ನಿಂತು, "ಅರ್ಧ ಕಿಲೋ ಬೀನ್ಸ್, ಒಂದು ಕಟ್ಟು ಕೊತ್ತಂಬರಿ, ತೆಂಗಿನಕಾಯಿ ಎರಡು. ಸರೀನಾ?" ಎಂದು ಒಪ್ಪಿಸಿ, ಆಕೆ ಹೂಂ ಎನ್ನುವವರೆಗೆ ಚಪ್ಪಲಿ ಮೆಟ್ಟುತ್ತಿರಲಿಲ್ಲವಂತೆ. "ಮದುವೆ ದಿನ ತಾಳಿ ಕಟ್ಟು ಅಂದಾಗಲೂ ತಾಳಿ ಕಟ್ತೀನಿ ಅಂತ ತಿರುಗಿ ಹೇಳಿರ್ತಾರೆ, ನಾನೇ ಓಲಗದ ಸದ್ದಲ್ಲಿ ಕೇಳಿಸಿಕೊಳ್ಳಲಿಲ್ಲ" ಎಂದು ಆಕೆ ನಗುತ್ತಿದ್ದರು.

ನನ್ನ ದುರಭ್ಯಾಸ ಬೇರೆಯದು. ಎದುರಿಗಿದ್ದವರ ಮಾತು ನಾನೇ ಮುಗಿಸುತ್ತೇನೆ. ಅವರು "ನಾಳೆ ನಾನು…" ಎಂದರೆ ನಾನು "ಊರಿಗೆ ಹೋಗ್ತೀರಾ?" ಎನ್ನುತ್ತೇನೆ. ಯಾರಾದರೂ ಮಾತು ಹುಡುಕುತ್ತಾ ನಿಂತರೆ ನನಗೆ ಮೈಯೆಲ್ಲ ತುರಿಕೆ. ಅಮ್ಮ ಬೈದು ಸೋತರು, ಗಂಡ ಒಗ್ಗಿಕೊಂಡ. ಇದನ್ನು ನಾನು ಯಾವತ್ತೂ ದೊಡ್ಡ ತಪ್ಪೆಂದು ತಿಳಿದಿರಲಿಲ್ಲ.

ಅಣ್ಣನ ಸರ್ವಿಸ್ ಎರಡು ವರ್ಷ ಚಿಲ್ಲರೆ ಉಳಿದಿದ್ದಾಗ ಎಣ್ಣೂರಿನ ರಸ್ತೆಯಲ್ಲಿ ಕಂಟೇನರ್ ಲಾರಿಯೊಂದು ಅವರ ಸ್ಕೂಟರಿಗೆ ತಗುಲಿತು. ಹೆಲ್ಮೆಟ್ ಇದ್ದುದರಿಂದ ಬುರುಡೆ ಉಳಿಯಿತು. ಆದರೆ ತಲೆಯ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ನಾಲ್ಕು ತಿಂಗಳ ನಂತರ ಕೆಲಸಕ್ಕೆ ವಾಪಸ್ ಬಂದರು. ಬರುವ ಮೊದಲು ವೈದ್ಯಕೀಯ ಪರೀಕ್ಷೆಯಾಗಿತ್ತು. ಮೂಗು ಮುಟ್ಟಿ ಎಂದರು, ಮುಟ್ಟಿದರು. ಗೆರೆಯ ಮೇಲೆ ನಡೆಯಿರಿ ಎಂದರು, ನಡೆದರು. "ನಾನು ಹೇಳಿದ್ದನ್ನ ಹೇಳಿ" ಎಂದು ಉದ್ದುದ್ದ ವಾಕ್ಯ ಕೊಟ್ಟರೆ ಒಂದಕ್ಷರ ಬಿಡದೆ ತಿರುಗಿ ಹೇಳಿದರು. ಹೇಳದೆ ಏನು, ಮೂವತ್ತು ವರ್ಷದಿಂದ ಮಾಡಿದ್ದೇ ಅದು. ಫಿಟ್ ಎಂದು ಬರೆದುಕೊಟ್ಟರು.

ಗೊತ್ತಾದದ್ದು ನನಗೆ, ಕ್ಯಾಂಟೀನಿನಲ್ಲಿ. ಸಾಂಬಾರಿನ ಪಾತ್ರೆಯ ಮುಂದೆ ನಿಂತು ಅಣ್ಣ ಕೈಯನ್ನು ಗಾಳಿಯಲ್ಲಿ ಅದ್ದಿ ಎತ್ತುತ್ತಿದ್ದರು. "ಅದು ಕೊಡಮ್ಮಣಿ… ಅದು… ಎತ್ತಿ ಹಾಕೋದು… ಉದ್ದ ಇರುತ್ತಲ್ಲ…"

"ಸೌಟಾ?"

"ಸೌಟು" ಎಂದರು. ಎಂದವರೇ ನನ್ನ ಮುಖ ನೋಡಿದರು. ಸೌಟು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಹೆಸರು ಮಾತ್ರ ಬರಲಿಲ್ಲ. ನಾನು ಮೇಜಿನ ಮೇಲಿದ್ದ ಕನ್ನಡಕ ತೋರಿಸಿದೆ. "ಕಣ್ಣಿಗೆ… ಓದಕ್ಕೆ…" ಬೀಗ ತೋರಿಸಿದೆ. ಬೆರಳು ತಿರುಗಿಸಿ ತೋರಿಸಿದರು, ಹಣೆಯಲ್ಲಿ ಬೆವರು ಬಂತು. ನಾನು ಹೇಳಿಕೊಟ್ಟರೆ ತಕ್ಷಣ, ಸ್ಪಷ್ಟವಾಗಿ, ತಿರುಗಿ ಹೇಳುತ್ತಿದ್ದರು.

"ಅಣ್ಣಾ, ಇದನ್ನ ಮ್ಯಾನೇಜರಿಗೆ ಹೇಳಬೇಕಲ್ವಾ?"

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಸೊಲ್ಲಬೇಡ, ಅಮ್ಮಣಿ. ಯಾರಿಗೂ ಸೊಲ್ಲಬೇಡ. ಎರಡು ವರ್ಷ. ಫೀಲ್ಡಲ್ಲೇ… ಫೀಲ್ಡಿಂದಲೇ ಪೋಗಬೇಕು ನಾನು." ಸೊಲ್ಲಬೇಡ ಎಂದರೆ ಹೇಳಬೇಡ. ನನ್ನಿಂದ ಹತ್ತು ಸಲ ತಿರುಗಿ ಹೇಳಿಸಿದ್ದ ಮನುಷ್ಯ ನನ್ನನ್ನು ಬೇಡುತ್ತಿದ್ದಾರೆ! ನನಗೆ ಅದನ್ನು ನೋಡಲಾಗಲಿಲ್ಲ. ಆಯ್ತು ಎಂದೆ.

ಅಂದಿನಿಂದ ಅವರ ಮಾತಿಗೆ ನಾನು ಊರುಗೋಲಾದೆ. ಇಬ್ಬರಿಗೂ ಒಂದೇ ಪಾಳಿ ಬರುವಂತೆ ನೋಡಿಕೊಂಡೆ. ಆದೇಶ ಪಾಲಿಸುವುದರಲ್ಲಿ ತೊಂದರೆಯೇ ಇರಲಿಲ್ಲ. ನಾನು ಹೇಳಿದರೆ ಅವರು ತಿರುಗಿ ಹೇಳುತ್ತಿದ್ದರು, ಕೈ ಸರಿಯಾದ ಕಡೆಗೇ ಹೋಗುತ್ತಿತ್ತು. ತೊಂದರೆ ಬರುತ್ತಿದ್ದುದು ಅವರೇ ಏನನ್ನಾದರೂ ಮೊದಲು ಹೇಳಬೇಕಾದಾಗ. ಆಗ ನಾನು, "ಕೂಲರಾ? ವಾಲ್ವಾ? ಮೇಲಿನದಾ, ಕೆಳಗಿನದಾ?" ಎಂದು ಒಂದೊಂದೇ ಪದ ಕೊಡುತ್ತಿದ್ದೆ. ಸಿಕ್ಕಿದ್ದನ್ನು ಅವರು ಹಿಡಿದುಕೊಳ್ಳುತ್ತಿದ್ದರು. ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ವಾರಕ್ಕೆ ಎರಡು ದಿನ ಅವರ ಹೆಂಡತಿ ಅವರನ್ನು ಬಸ್ಸಿನಲ್ಲಿ ಊರಿನ ಆ ತುದಿಗೆ, ಬೆಸೆಂಟ್ ನಗರಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲೊಬ್ಬರು ಮಾತಿನ ಚಿಕಿತ್ಸೆ ಮಾಡುವ ಹೆಣ್ಣುಮಗಳಿದ್ದರು. ಒಂದು ಶನಿವಾರ ನಾನೂ ಹೋದೆ. ಆಕೆ ಬಾಚಣಿಗೆಯ ಚಿತ್ರ ತೋರಿಸಿದರು. ಅಣ್ಣ ಚಿತ್ರವನ್ನೇ ನೋಡುತ್ತಾ ಕೂತರು. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ತುಟಿ ಆಗಲೇ "ಬಾ…" ಎಂದು ತೆರೆದಿತ್ತು. ಅಣ್ಣನ ಹೆಂಡತಿ ನನ್ನ ತೊಡೆ ಚಿವುಟಿದರು. ನಿಜವಾಗಿಯೂ ಚಿವುಟಿದರು, ನೀಲಿಗಟ್ಟಿತ್ತು.

ಹೊರಗೆ ಬಂದ ಮೇಲೆ ಅಣ್ಣನ ಹೆಂಡತಿ ಅವರನ್ನು ಎಳನೀರಿನ ಗಾಡಿಯ ಹತ್ತಿರ ನಿಲ್ಲಿಸಿ ನನ್ನನ್ನು ಬದಿಗೆ ಕರೆದರು. "ನೀನು ಒಳ್ಳೆ ಮನಸ್ಸಿಂದಲೇ ಮಾಡ್ತೀಯ, ತೆರಿಯುಂ, ನನಗೆ ಗೊತ್ತು. ಆದ್ರೆ ಹೇಳಿಕೊಡಬೇಡ ಕಣೇ. ನೀನು ತಪ್ಪು ಮಾತು ಕೊಟ್ರೂ ಅವರು ಅದನ್ನೇ ಹೇಳಿಬಿಡ್ತಾರೆ. ಹೇಳಿದ ಮೇಲೆ ತಪ್ಪು ಅಂತ ಅವರಿಗೇ ಗೊತ್ತಾಗುತ್ತೆ. ಆಮೇಲೆ ಅಲ್ಲ ಅಲ್ಲ ಅಂತಾರೆ. ಆ ಅಲ್ಲ ಬರೋವರೆಗಾದ್ರೂ ಕಾಯಬೇಕು."

"ನೀವು ಹೇಗೆ ಕಾಯ್ತೀರಿ? ನನಗಂತೂ ಉಸಿರು ಕಟ್ಟುತ್ತೆ."

"ಬೆಳ್ಳುಳ್ಳಿ ಸುಲೀತೀನಿ. ಮೂರು ಎಸಳಿಗೆ ಬರುತ್ತೆ ಕೆಲವು ಸಲ. ಬರದಿದ್ರೆ ನಾಲ್ಕನೇದು. ಈಗ ನಮ್ಮನೇಲಿ ಎಲ್ಲದಕ್ಕೂ ಬೆಳ್ಳುಳ್ಳೀನೇ" ಎಂದರು. ನಗುವಾಗ ಅವರ ಕಣ್ಣು ತುಂಬಿತ್ತು. ನಾನು ತಲೆಯಾಡಿಸಿದೆ. ಕೇಳಿಸಿಕೊಂಡೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ ಎಂದುಕೊಂಡೆ.

ಆಮೇಲೆ ಎರಡು ತಿಂಗಳಾಗಿರಬಹುದು. ಮಧ್ಯಾಹ್ನ ಊಟ ಮುಗಿದ ಹೊತ್ತು. ಬಾಯ್ಲರಿಗೆ ಕುದಿನೀರು ತಳ್ಳುವ ಮೂರು ಪಂಪುಗಳು ಸಾಲಾಗಿವೆ, ಎ, ಬಿ, ಸಿ ಎಂದು. ಯಾವಾಗಲೂ ಎರಡು ಓಡಬೇಕು, ಒಂದು ಸಿದ್ಧವಾಗಿ ನಿಂತಿರಬೇಕು. ಎರಡಕ್ಕಿಂತ ಕಡಿಮೆಯಾದರೆ ಬಾಯ್ಲರ್ ನಿಂತುಹೋಗಿ ಇಡೀ ಪ್ಲಾಂಟ್ ಸ್ಥಗಿತವಾಗುತ್ತದೆ. ಅದಕ್ಕೇ ಪ್ಯಾನೆಲಿನವರು ಹೇಳದೆ ಫೀಲ್ಡಿನವರು ಪಂಪಿನ ಬಟನ್ ಮುಟ್ಟಬಾರದು. ಅಂದು ಎ ಮತ್ತು ಬಿ ಓಡುತ್ತಿದ್ದವು.

ವಾಕಿಟಾಕಿಯಲ್ಲಿ ಅಣ್ಣನ ದನಿ ಬಂತು. "ಪ್ಯಾನೆಲ್, ಪ್ಯಾನೆಲ್. ಲೀಕ್. ಪಂಪ್ ಲೀಕ್. ಜಾಸ್ತಿ."

"ಯಾವ ಪಂಪ್?"

"ಅದು… ಅಮ್ಮಣಿ, ಅದು… ಈ ಕಡೆ…"

ಹಿಂದಿನಿಂದ ಹಬೆ ಚೀರುವ ಸದ್ದು ಕೇಳುತ್ತಿತ್ತು. ಪರದೆಯ ಮೇಲೆ ಒತ್ತಡ ಇಳಿಯತೊಡಗಿತ್ತು. ಹಿಂದಿನ ವಾರ ಬಿ ಪಂಪಿನ ಸೀಲ್ ಸ್ವಲ್ಪ ತೊಟ್ಟಿಕ್ಕುತ್ತಿತ್ತು, ನನ್ನ ತಲೆಯಲ್ಲಿ ಅದೇ ಕೂತಿತ್ತು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ.

"ಬಿ ಪಂಪಾ?"

"ಬಿ ಪಂಪ್." ಗಂಟೆ ಹೊಡೆದಂತೆ, ಸ್ಪಷ್ಟವಾಗಿ.

ಸಿ ಚಾಲೂ ಮಾಡಿದೆ, ಬಿ ನಿಲ್ಲಿಸಿದೆ. ವಾಕಿಟಾಕಿಯ ಬಟನ್ ಒತ್ತಿಹಿಡಿದು ನನ್ನ ಎಂದಿನ ಧಾಟಿಯಲ್ಲಿ ಒಂದೇ ಉಸಿರಿಗೆ ಹೇಳಿದೆ: "ಬಿ ನಿಲ್ಲಿಸಿದೀನಿ, ಸಿ ಓಡ್ತಿದೆ, ಲೀಕ್ ಆದ ಪಂಪ್ ಈಗ ನಿಂತಿದೆ, ಫಿಟ್ಟರ್ ಹತ್ರ ಹೋಗಿ ವಾಲ್ವ್ ಮುಚ್ಚಬಹುದು." ಆ ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಆ ಕಡೆಯವರು ಏನು ಕೂಗಿದರೂ ನಮಗೆ ಕೇಳುವುದಿಲ್ಲ.

ಸೋರುತ್ತಿದ್ದುದು ಎ ಪಂಪು. ಅದು ಓಡುತ್ತಲೇ ಇತ್ತು. ಫಿಟ್ಟರ್ ಐವತ್ತರ ಹತ್ತಿರದ ಮನುಷ್ಯ, ಎಣ್ಣೂರಿನ ಕುಪ್ಪಂನವನು, ಎಂದರೆ ಮೀನುಗಾರರ ಕೇರಿಯವನು. ವಾಕಿಟಾಕಿಯಲ್ಲಿ ಕೇಳಿದ ನನ್ನ ಮಾತು ನಂಬಿ ಸ್ಪ್ಯಾನರ್ ಹಿಡಿದು ಅದರ ಪಕ್ಕಕ್ಕೆ ಹೋದ. ಸಾಲು ಪಂಪುಗಳ ಅಬ್ಬರದಲ್ಲಿ ಯಾವುದು ನಿಂತಿದೆ, ಯಾವುದು ಓಡುತ್ತಿದೆ ಎಂದು ಕಿವಿಗೆ ತಿಳಿಯುವುದಿಲ್ಲ. ಸೀಲ್ ಕಿತ್ತುಕೊಂಡು ಕುದಿನೀರು ಚಿಮ್ಮಿತು. ಅಣ್ಣ ವಾಕಿಟಾಕಿ ಎಸೆದು ಓಡಿ, ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದು, ಅಂಗೈಯಿಂದ ಎ ಪಂಪಿನ ಕೆಂಪು ಬಟನ್ ಗುದ್ದಿದರು. ಬಾಯ್ಲರ್ ನಿಂತಿತು, ಪ್ಲಾಂಟ್ ಸ್ಥಗಿತವಾಯಿತು. ಫಿಟ್ಟರನ ಎಡಗೈ ಮಣಿಕಟ್ಟಿನಿಂದ ಭುಜದವರೆಗೆ ಬೆಂದಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಮುಖ ಉಳಿಯುತ್ತಿರಲಿಲ್ಲ.

ಎಂಟು ದಿನದ ನಂತರ ವಿಚಾರಣೆ ಎಂದರು. ಆ ಎಂಟು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಆಸ್ಪತ್ರೆಗೆ ಹೋಗಿ ಫಿಟ್ಟರನ್ನು ನೋಡಿದೆ. ಬ್ಯಾಂಡೇಜಿನ ಕೈ ದಿಂಬಿನ ಮೇಲಿತ್ತು. "ಅವರು ಅಲ್ಲ, ಅಲ್ಲ ಅಂತ ಕತ್ತಿನಾರು, ಮೇಡಂ. ರೇಡಿಯೋ ಬಾಯಿಗೆ ಹಿಡಿದು ಕತ್ತಿನಾರು. ನಿಮಗೆ ಕೇಳಲಿಲ್ಲವಾ?" ಎಂದ, ಅರ್ಧ ತಮಿಳು, ಅರ್ಧ ನನಗಾಗಿ ಕಲಿತ ಕನ್ನಡದಲ್ಲಿ. ಕತ್ತಿನಾರು ಎಂದರೆ ಕೂಗಿದರು. ನನಗೆ ಕೇಳಿರಲಿಲ್ಲ. ನಾನು ಮಾತಾಡುತ್ತಿದ್ದೆನಲ್ಲ.

ಅಣ್ಣನ ಮನೆಗೂ ಹೋದೆ. ಬಟನ್ ಗುದ್ದುವಾಗ ಕುದಿನೀರು ತಗುಲಿ ಸುಟ್ಟಿದ್ದ ಅಂಗೈಗೆ ಮುಲಾಮು ಹಚ್ಚಿಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಸೊಲ್ಲಬೇಡ" ಎಂದರು. ಆ ಮಾತನ್ನು ಮಾತ್ರ ಹುಡುಕಬೇಕಾಗಿರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಮೂವರು ಕೂತಿದ್ದರು. ಮೊದಲು ವಾಕಿಟಾಕಿಯ ಧ್ವನಿಮುದ್ರಣ ಹಾಕಿದರು. ನನ್ನ ಪ್ರಶ್ನೆ, ಅಣ್ಣನ ತೊದಲು, ಮತ್ತೆ ನನ್ನ "ಬಿ ಪಂಪಾ?", ಅವರ "ಬಿ ಪಂಪ್." ಆಮೇಲೆ ನನ್ನ ಉದ್ದನೆಯ ಮಾತು. ಅಣ್ಣನ "ಅಲ್ಲ" ಅದರಲ್ಲಿ ಇರಲಿಲ್ಲ, ನನ್ನ ಬಟನ್ನಿನ ಅಡಿಯಲ್ಲಿ ಹೂತುಹೋಗಿತ್ತು. ಕೇಳಿದವರಿಗೆಲ್ಲ ಒಂದೇ ಅರ್ಥ. ಪ್ಯಾನೆಲ್ ಕೇಳಿದೆ, ಫೀಲ್ಡ್ ತಿರುಗಿ ಹೇಳಿದೆ, ಪದ್ಧತಿ ಪೂರ್ತಿಯಾಗಿದೆ, ಫೀಲ್ಡಿನವನೇ ತಪ್ಪು ಹೇಳಿದ್ದಾನೆ. ನನ್ನ ಮೈಮೇಲೆ ಒಂದಿಷ್ಟು ಧೂಳೂ ಬೀಳುವಂತಿರಲಿಲ್ಲ.

ಸುರಕ್ಷತಾ ವಿಭಾಗದ ಮುಖ್ಯಸ್ಥರು ಅಣ್ಣನನ್ನು ಕೇಳಿದರು. ತಮಿಳಿನಲ್ಲೇ ಕೇಳಿದರು, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ಏನಾಯ್ತು ಹೇಳಿ."

ಅಣ್ಣ ಬಾಯಿ ತೆರೆದರು. ಕೈ ಮೇಲೆದ್ದಿತು, ಗಾಳಿಯಲ್ಲಿ ಮೂರು ಪಂಪುಗಳನ್ನು ಸಾಲಾಗಿ ಇಟ್ಟಿತು, ಮೊದಲನೆಯದರ ಮೇಲೆ ನಿಂತಿತು. "ಇದು… ಇದು ಲೀಕ್… ನಾನು…" ಅಷ್ಟೇ. ಫ್ಯಾನ್ ತಿರುಗುತ್ತಿತ್ತು. ಮುಖ್ಯಸ್ಥರಿಗೆ ನನ್ನಷ್ಟೇ ತಾಳ್ಮೆ.

"ಬಿ ಪಂಪ್ ಅಂತ ಹೇಳಿದ್ದು ನೀವೇ ತಾನೆ?"

"ಬಿ ಪಂಪ್ ಅಂತ ಹೇಳಿದ್ದು ನಾನೇ."

"ಗಮನ ಕೊಡದೆ ಹೇಳಿಬಿಟ್ರಿ, ಅಲ್ವಾ?"

"ಗಮನ ಕೊಡದೆ ಹೇಳಿಬಿಟ್ಟೆ."

ಬರೆದುಕೊಳ್ಳುವವರ ಪೆನ್ನು ಸರಸರನೆ ಓಡಿತು. ಅಯ್ಯೋ, ನನ್ನ ಕಣ್ಣೆದುರಿಗೇ! ಮೂವತ್ತು ವರ್ಷ ಒಂದು ವಾಲ್ವನ್ನೂ ತಪ್ಪು ತಿರುಗಿಸದ ಮನುಷ್ಯ, ಯಾರೋ ಬಾಯಿಗಿಟ್ಟ ಮಾತಿನಿಂದ ತಮ್ಮ ಹೆಸರಿಗೆ ತಾವೇ ಕಳಂಕ ಹಚ್ಚಿಕೊಳ್ಳುತ್ತಿದ್ದರು. ಮುಂದಿನದು "ಅಲ್ಲ" ಎಂದು ಬರಬೇಕಿತ್ತು. ಆದರೆ ಮುಖ್ಯಸ್ಥರು ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಹಾಕಿ ಅದನ್ನೂ ಹೂತುಬಿಟ್ಟರು. ಅಣ್ಣ ನನ್ನ ಕಡೆ ನೋಡಿದರು. ಆ ನೋಟಕ್ಕೆ ಎರಡು ಅರ್ಥವಿರಲಿಲ್ಲ. ಸೊಲ್ಲಬೇಡ.

ನಾನು ಸುಮ್ಮನಿದ್ದರೆ ಅವರ ಗುಟ್ಟು ಉಳಿಯುತ್ತದೆ, ಆದರೆ ಒಬ್ಬನ ಕೈ ಸುಟ್ಟ ಅಜಾಗರೂಕ ಎಂಬ ಹೆಸರಿನಲ್ಲಿ ಹೊರಗೆ ಹೋಗುತ್ತಾರೆ. ಮಾತಾಡಿದರೆ ಆ ಹೆಸರು ತಪ್ಪುತ್ತದೆ, ಆದರೆ ಮತ್ತೆಂದೂ ಅವರನ್ನು ಫೀಲ್ಡಿಗೆ ಬಿಡುವುದಿಲ್ಲ. ಕೊಟ್ಟ ಮಾತೂ ಹೋಗುತ್ತದೆ.

ಎದ್ದುನಿಂತೆ. ಮೇಜಿನ ಮೇಲಿದ್ದ ಸ್ಟೇಪ್ಲರ್ ತೆಗೆದು ಅಣ್ಣನ ಮುಂದೆ ಹಿಡಿದೆ.

"ಅಣ್ಣಾ, ಇದೇನು?"

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ತಲೆಯನ್ನು ಮೆಲ್ಲಗೆ ಆಡಿಸಿದರು, ಬೇಡ ಎಂಬಂತೆ. ಆದರೂ ಮೂವತ್ತು ವರ್ಷದ ಅಭ್ಯಾಸ, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಬೆರಳುಗಳು ಒತ್ತುವಂತೆ ಮಾಡಿದವು. "ಪೇಪರ್… ಸೇರಿಸಕ್ಕೆ… ಕಟಕ್ ಅಂತ…"

"ಕತ್ತರಿನಾ?"

"ಕತ್ತರಿ."

ಮುಖ್ಯಸ್ಥರು ಏನೋ ಹೇಳಹೊರಟರು, ನಾನು ಕೈಯೆತ್ತಿ ತಡೆದೆ. ಜೀವಮಾನದಲ್ಲಿ ಮೊದಲ ಸಲ ನಾನು ಎಣಿಸಿದೆ. ಒಂದು. ಎರಡು. ಮೂರು. ನಾಲ್ಕು.

"ಅಲ್ಲ" ಎಂದರು ಅಣ್ಣ. "ಅಲ್ಲ, ಅಲ್ಲ. ಅದಲ್ಲ."

"ಆವತ್ತೂ ಹೀಗೇ ಆಗಿದ್ದು ಸಾರ್" ಎಂದೆ. "ಬಿ ಅನ್ನೋದು ನನ್ನ ಮಾತು, ಅವರದಲ್ಲ. ಅವರು ಅಲ್ಲ ಅಂತ ಕೂಗಿದ್ರು. ನಾನು ಬಟನ್ ಬಿಡಲಿಲ್ಲ. ಇವರ ಕಷ್ಟ ನನಗೆ ಆರು ತಿಂಗಳಿಂದ ಗೊತ್ತು. ಯಾರಿಗೂ ಹೇಳಲಿಲ್ಲ. ಫಿಟ್ಟರ್ ಕೈ ಸುಟ್ಟಿದ್ದು ನನ್ನಿಂದ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಸ್ಟೇಪ್ಲರ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅಣ್ಣ ನನ್ನನ್ನು ನೋಡಲಿಲ್ಲ. ತಮ್ಮ ಸುಟ್ಟ ಅಂಗೈಯನ್ನೇ ನೋಡುತ್ತಾ ಕೂತಿದ್ದರು.

ನನ್ನನ್ನು ಆರು ತಿಂಗಳು ಪ್ಯಾನೆಲಿನಿಂದ ಇಳಿಸಿದರು. ಸರಿಯಾಗೇ ಮಾಡಿದರು. ಅಣ್ಣನ ದಾಖಲೆಯಲ್ಲಿ ಅಜಾಗರೂಕತೆ ಎಂಬ ಪದ ಬರಲಿಲ್ಲ, ಒಬ್ಬನ ಜೀವ ಉಳಿಸಿದರೆಂದು ಬರೆದರು. ಅದರ ಕೆಳಗೇ ಇನ್ನೊಂದು ಸಾಲು, ಫೀಲ್ಡ್ ಕೆಲಸಕ್ಕೆ ಅನರ್ಹ. ಮರುದಿನದಿಂದ ಅವರನ್ನು ಉಪಕರಣಗಳ ಸ್ಟೋರಿನಲ್ಲಿ ಕೂರಿಸಿದರು. ಅವರ ಹೆಂಡತಿ ಫೋನ್ ಮಾಡಿದರು. "ನೀನು ಮಾಡಿದ್ದು ಸರೀನೇ, ನಾನು ತಪ್ಪು ಅನ್ನಲ್ಲ" ಎಂದರು. ಆಮೇಲೆ, "ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ ಕಣೇ" ಎಂದರು.

ಸ್ಟೋರಿನಲ್ಲಿ ಅವರು ಒಂದು ದಿನವೂ ತಪ್ಪು ಸಾಮಾನು ಕೊಡಲಿಲ್ಲ. ಬೇರೆಯವರು ಹೆಸರು ಹೇಳಿದರೆ ಕೈ ನೇರ ಅದೇ ಗೂಡಿಗೆ ಹೋಗುತ್ತಿತ್ತು. ಒಮ್ಮೆ ಯಾರೋ ಕಿಡಿಗೇಡಿ ಸ್ಪ್ಯಾನರ್ ಎತ್ತಿ ಹಿಡಿದು, "ಅಣ್ಣೇ, ಇದಕ್ಕೆ ಏನಂತಾರೆ?" ಎಂದು ಆಟ ಆಡಿಸಿದನಂತೆ. ಕೈ ವಾಸಿಯಾಗಿ ಕೆಲಸಕ್ಕೆ ಬಂದಿದ್ದ ಫಿಟ್ಟರ್ ಅಲ್ಲೇ ಇದ್ದ. ಅಂಗಿಯ ತೋಳು ಮಡಚಿ ತನ್ನ ಸುಕ್ಕುಗಟ್ಟಿದ ತೋಳು ಅವನ ಮೂಗಿನ ಹತ್ತಿರ ಹಿಡಿದು, "ಮೊದಲು ಇದಕ್ಕೆ ಏನಂತಾರೆ ನೀನು ಹೇಳು" ಎಂದನಂತೆ. ಆಮೇಲೆ ಯಾರೂ ಅಣ್ಣನ ತಂಟೆಗೆ ಹೋಗಲಿಲ್ಲ.

ನನ್ನೊಂದಿಗೆ ಮಾತ್ರ ಅವರು ಮಾತಾಡಲಿಲ್ಲ. ನಾನು ಕಿಟಕಿಗೆ ಹೋದರೆ ಕೇಳಿದ್ದನ್ನು ತಂದಿಟ್ಟು ರಿಜಿಸ್ಟರ್ ಮುಂದಕ್ಕೆ ತಳ್ಳುತ್ತಿದ್ದರು. ಊಟ ಆಚ್ಚಾ ಎಂದು ಕೇಳುತ್ತಿರಲಿಲ್ಲ. ಒಂದು ವರ್ಷದ ಮೇಲೆ ಹೀಗೇ ನಡೆಯಿತು. ನಾನು ಹಟಮಾರಿ. ಬೇಕಿಲ್ಲದಿದ್ದರೂ ನಟ್ಟು ಬೋಲ್ಟು ಕೇಳಿಕೊಂಡು ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ನನ್ನ ಮೇಜಿನ ಡ್ರಾಯರ್ ತುಂಬ ಈಗಲೂ ಅವೇ ಇವೆ.

ಕೊನೆಯ ದಿನ, ಸಭೆಗೆ ಇನ್ನೂ ಒಂದು ಗಂಟೆ ಇದ್ದಾಗ, ಸ್ಟೋರಿಗೆ ಹೋದೆ. ಅಣ್ಣ ಒಬ್ಬರೇ ಇದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಗೂಡುಗಳ ಧೂಳು ಒರೆಸುತ್ತಿದ್ದರು. ನನ್ನನ್ನು ಕಂಡು ಬಟ್ಟೆ ಕೆಳಗಿಟ್ಟು ಕಿಟಕಿಗೆ ಬಂದರು. ಏನು ಬೇಕು ಎಂದು ಹುಬ್ಬೇರಿಸಿದರು.

ಏನೂ ಬೇಡ ಎಂದೆ. ಅವರು ಹೋಗಲಿಲ್ಲ, ನಿಂತರು. ಬಾಯಿ ಸ್ವಲ್ಪ ತೆರೆಯಿತು. "ಅಮ್ಮಣಿ" ಎಂದರು. ಒಂದು ವರ್ಷದ ಮೇಲೆ ಮೊದಲ ಸಲ. ಏನೋ ಹೇಳಬೇಕೆಂದಿದ್ದರು. "ಅಮ್ಮಣಿ, ನನಗೆ… ಆವತ್ತು ನೀನು… ನನಗೆ…" ಬಲಗೈ ಎದೆಯ ಹತ್ತಿರ ಬಂದು ಏನನ್ನೋ ಹಿಡಿಯಲು ನೋಡುತ್ತಿತ್ತು. ಕಣ್ಣು ನನ್ನ ಮೇಲೇ ಇತ್ತು. ಆ ಕಣ್ಣಿನಲ್ಲಿದ್ದದ್ದು ಸಿಟ್ಟೋ, ನೋವೋ, ಪ್ರೀತಿಯೋ ನನಗೆ ತಿಳಿಯಲಿಲ್ಲ.

ಕಾಯಬೇಕಿತ್ತು. ಗೊತ್ತಿತ್ತು, ಕಾಯಬೇಕೆಂದು ಗೊತ್ತಿತ್ತು. ಆದರೆ ಒಂದು ವರ್ಷದಿಂದ ಕಾದು ಕಾದು ನನ್ನ ಎದೆ ಬಿರಿಯುವಂತಾಗಿತ್ತು. ಏನು ಬರುತ್ತದೋ ಎಂಬ ಹೆದರಿಕೆ ಬೇರೆ.

"ನನ್ನ ಮೇಲೆ ಬೇಜಾರಿಲ್ಲ ತಾನೆ, ಅಣ್ಣಾ?"

ಅವರ ಕೈ ಕೆಳಗಿಳಿಯಿತು.

"ಬೇಜಾರಿಲ್ಲ" ಎಂದರು, ಗಂಟೆ ಹೊಡೆದಂತೆ, ಸ್ಪಷ್ಟವಾಗಿ.